ಹಳೆ ಬೈಕಿನ ಸ್ಪೀಡೋಮೀಟರ್ ಕೆಟ್ಟರೆ: ಚಕ್ರದಿಂದ ಶುರು ಮಾಡಿ, ಮೀಟರ್ ಕೊನೆಗೆ

ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ ಅಂತ ಹಳೆ ಗಾಡಿ ತಗೊಂಡು ಹೋದರೆ ಬಹಳ ಕಡೆ ಸಿಗುವ ಉತ್ತರ ಒಂದೇ. "ಮೀಟರ್ ಹೋಗೈತೆ ಸಾರ್, ಹೊಸದು ಹಾಕ್ಸಿಬಿಡ್ರಿ." ಸರಿ ಅಂತ ಹೊಸದು ಹಾಕಿಸಿ, ದುಡ್ಡು ಕೊಟ್ಟು, ದಾವಣಗೆರೆಯ ಪಿ.ಬಿ. ರೋಡಿಗೆ ಬಂದು ನೋಡಿದರೆ ಮುಳ್ಳು ಮತ್ತೆ ಸೊನ್ನೆಯಲ್ಲೇ ಕೂತಿರುತ್ತದೆ. ಕೆಟ್ಟಿದ್ದು ಕೇಬಲ್ ಆಗಿರುತ್ತದೆ, ಇಲ್ಲ ಮುಂದಿನ ಚಕ್ರದ ಒಳಗಿನ ವರ್ಮ್ (ಕೇಬಲನ್ನು ತಿರುಗಿಸುವ ಸಣ್ಣ ಗೇರು) ಆಗಿರುತ್ತದೆ. ಮೀಟರ್ ಪಾಪ ಚೆನ್ನಾಗೇ ಇರುತ್ತದೆ.

ಈ ಬರಹ ಕೇಬಲ್ ಮೀಟರ್ ಇರುವ ಹಳೆ ಗಾಡಿಗಳಿಗೆ. ಸಿಡಿ 100, ಸ್ಪ್ಲೆಂಡರ್, ಆರ್‌ಎಕ್ಸ್ 100, ಬಾಕ್ಸರ್ ಥರದವು. ಸಿಡಿ 100 ಮತ್ತು ಆರ್‌ಎಕ್ಸ್ 100 ನಮ್ಮ ರಸ್ತೆಗೆ ಬಂದಿದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಹರಿಹರ, ಮಲೇಬೆನ್ನೂರು, ಹೊಳಲ್ಕೆರೆ, ಹಿರಿಯೂರು ಕಡೆ ಹಳ್ಳಿಗಳಲ್ಲಿ ಇವು ಇವತ್ತಿಗೂ ದಿನಾ ದುಡಿಯುತ್ತವೆ. ಎಂಜಿನ್ ಗಟ್ಟಿಯಾಗಿರುತ್ತದೆ, ಮೀಟರ್ ಮಾತ್ರ ಸತ್ತಿರುತ್ತದೆ.

"ಸ್ಪೀಡ್ ನೋಡಿ ಏನ್ ಮಾಡ್ಬೇಕು, ನಮ್ಮದೇನು ಹೈವೇನಾ" ಅನ್ನುವವರು ಇದ್ದಾರೆ. ಆದರೆ ಮೀಟರ್ ಇರುವುದು ಬರೀ ಸ್ಪೀಡಿಗಲ್ಲ. ಈ ಗಾಡಿಗಳಲ್ಲಿ ಹಲವಕ್ಕೆ ಪೆಟ್ರೋಲ್ ಗೇಜ್ ಇಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಅಂತ ಗೊತ್ತಿದ್ದರೆ ತಾನೇ ರಿಸರ್ವ್ ಯಾವಾಗ ಬರುತ್ತದೆ, ಆಯಿಲ್ ಯಾವಾಗ ಬದಲಿಸಬೇಕು, ಗಾಡಿ ಲೀಟರಿಗೆ ಎಷ್ಟು ಕೊಡುತ್ತಿದೆ ಅಂತ ಹೇಳಲು ಆಗುವುದು? ಕಿಲೋಮೀಟರ್ ನಿಂತ ಗಾಡಿಯ ಆಯಿಲ್ ಅಂದಾಜಿನ ಮೇಲೆ ಬದಲಾಗುತ್ತದೆ, ಅಂದಾಜು ಯಾವಾಗಲೂ ತಡವಾಗುತ್ತದೆ. ಇನ್ನೊಂದು ವಿಷಯ. 15 ವರ್ಷ ಆದ ಮೇಲೆ ಆರ್‌ಸಿ ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಸ್ಪೀಡೋಮೀಟರ್ ಇರಬೇಕು ಅನ್ನುವುದು ಮೋಟಾರು ವಾಹನ ನಿಯಮದಲ್ಲೇ ಇದೆ.

ಒಳಗೆ ಏನು ನಡೆಯುತ್ತದೆ

ಮುಂದಿನ ಚಕ್ರ ತಿರುಗಿದಾಗ ಬ್ರೇಕ್ ಪ್ಲೇಟ್ ಒಳಗಿರುವ ಒಂದು ದೊಡ್ಡ ಹಲ್ಲಿನ ಗೇರ್ ಕೂಡ ಜೊತೆಗೆ ತಿರುಗುತ್ತದೆ. ಅದು ಅಡ್ಡಕ್ಕೆ ಕೂತ ಸಣ್ಣ ವರ್ಮ್ ಅನ್ನು ತಿರುಗಿಸುತ್ತದೆ. ವರ್ಮಿನ ತುದಿಗೆ ಕೇಬಲ್ ಒಳಗಿನ ಇನ್ನರ್ ಸಿಕ್ಕಿಕೊಂಡಿರುತ್ತದೆ. ಬ್ರೇಕ್ ಕೇಬಲ್, ಕ್ಲಚ್ ಕೇಬಲ್ ಎಳೆದು ಕೆಲಸ ಮಾಡುತ್ತವೆ. ಇದು ತಿರುಗಿ ಕೆಲಸ ಮಾಡುತ್ತದೆ. ಹಾಗಾಗಿ ಇದರ ಇನ್ನರ್ ಅನ್ನು ಒಂದರ ಮೇಲೊಂದು ಪದರ ಸುತ್ತಿದ ತಂತಿಯಿಂದ ಮಾಡಿರುತ್ತಾರೆ, ತುದಿಗಳನ್ನು ಚೌಕಾಕಾರವಾಗಿ ಒತ್ತಿರುತ್ತಾರೆ.

ಮೇಲೆ ಮೀಟರ್ ಒಳಗೆ ಇನ್ನರ್ ಒಂದು ಮ್ಯಾಗ್ನೆಟ್ಟನ್ನು ತಿರುಗಿಸುತ್ತದೆ. ಮ್ಯಾಗ್ನೆಟ್ ಪಕ್ಕದಲ್ಲೇ ಅಲ್ಯೂಮಿನಿಯಂನ ಪುಟ್ಟ ಬಟ್ಟಲು, ಆ ಬಟ್ಟಲಿಗೆ ಮುಳ್ಳು ಸೇರಿಕೊಂಡಿದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಮ್ಯಾಗ್ನೆಟ್ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ಸುಳಿಯಾಗಿ ಕರೆಂಟ್ ಹುಟ್ಟುತ್ತದೆ, ಅದರಿಂದ ಬಟ್ಟಲು ಮ್ಯಾಗ್ನೆಟ್ ಹಿಂದೆ ಹೋಗಲು ನೋಡುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ಈ ಎರಡು ಎಳೆತ ಸಮ ಆದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನೂರು ವರ್ಷ ದಾಟಿದರೂ ಅದೇ ಕೆಲಸ ನಮ್ಮ ಸ್ಪ್ಲೆಂಡರ್ ಡೂಮಿನ (ಹೆಡ್‌ಲೈಟ್ ಸುತ್ತಿನ ಕವಚ) ಹಿಂದೆ ನಡೀತಾ ಇದೆ.

ಕಿಲೋಮೀಟರ್ ಅಂಕಿಗಳದು ಬೇರೆ ದಾರಿ. ಮ್ಯಾಗ್ನೆಟ್ಟಿನ ಕಡ್ಡಿಯಲ್ಲೇ ಕೊರೆದ ಹಲ್ಲಿನಿಂದ ಸಣ್ಣ ಸಣ್ಣ ಗೇರುಗಳು ತಿರುಗಿ ಅಂಕಿಗಳನ್ನು ಉರುಳಿಸುತ್ತವೆ. ಅಲ್ಲಿ ಹಲ್ಲಿಗೆ ಹಲ್ಲು ಕೂಡಿಯೇ ಕೆಲಸ ಆಗಬೇಕು. ಮುಳ್ಳು ಮತ್ತು ಅಂಕಿ ಬೇರೆ ಬೇರೆ ರೀತಿಯಲ್ಲಿ ನಡೆಯುತ್ತವೆ ಅನ್ನುವ ಈ ಒಂದು ವಿಷಯ ತಲೆಯಲ್ಲಿದ್ದರೆ ದೋಷ ಹುಡುಕುವುದು ಸುಲಭ.

ಮೊದಲು ಮುಳ್ಳು ನೋಡಿ, ಆಮೇಲೆ ಅಂಕಿ ನೋಡಿ

ಸ್ಪ್ಯಾನರ್ ಮುಟ್ಟುವ ಮೊದಲು ಗಾಡಿಯನ್ನು ಒಂದೆರಡು ಕಿಲೋಮೀಟರ್ ಓಡಿಸಿ. ಹೊರಡುವಾಗ ಕೊನೆಯ ಅಂಕಿ ಎಷ್ಟಿತ್ತು ಅಂತ ಫೋನಲ್ಲಿ ಫೋಟೋ ತೆಗೆದುಕೊಳ್ಳಿ.

ಮುಳ್ಳೂ ಏಳಲಿಲ್ಲ, ಅಂಕಿಯೂ ಉರುಳಲಿಲ್ಲ ಅಂದರೆ ಮೀಟರಿಗೆ ತಿರುಗುವ ಬಲವೇ ಬರುತ್ತಿಲ್ಲ. ದೋಷ ಕೆಳಗಿದೆ: ಕೇಬಲ್ ತುಂಡಾಗಿರಬೇಕು, ಕಳಚಿರಬೇಕು, ಇಲ್ಲ ವರ್ಮ್ ಸವೆದಿರಬೇಕು. ಹೆಚ್ಚಾಗಿ ನೋಡುವ ದೋಷ ಇದೇ.

ಅಂಕಿ ಉರುಳುತ್ತಿದೆ, ಮುಳ್ಳು ಮಾತ್ರ ಸತ್ತಿದೆ ಅಂದರೆ ಕೇಬಲ್ ಮುಟ್ಟುವ ಅಗತ್ಯವೇ ಇಲ್ಲ. ಬಲ ಮೇಲಿನವರೆಗೂ ಬರುತ್ತಿದೆ. ಮೀಟರ್ ಒಳಗೆ ಬಟ್ಟಲೋ ಮುಳ್ಳಿನ ಕಡ್ಡಿಯೋ ಹಿಡಿದುಕೊಂಡಿದೆ. ಇದರ ತಿರುವುಮುರುವು, ಅಂದರೆ ಮುಳ್ಳು ಸರಿ ಇದ್ದು ಅಂಕಿ ನಿಂತಿದ್ದರೆ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗಿದೆ. ಟ್ರಿಪ್ ಮೀಟರ್ ಇರುವ ಗಾಡಿಗಳಲ್ಲಿ ಓಡುತ್ತಿರುವಾಗಲೇ ಸೊನ್ನೆ ಮಾಡಲು ಗುಂಡಿ ತಿರುಗಿಸುವ ಅಭ್ಯಾಸ ಇದ್ದರೆ ಈ ಹಲ್ಲುಗಳಿಗೆ ಪೆಟ್ಟು ಬೀಳುತ್ತದೆ. ಗಾಡಿ ನಿಲ್ಲಿಸಿಯೇ ತಿರುಗಿಸಬೇಕು.

ಮುಳ್ಳು ಕುಣಿಯುವ ಗಾಡಿಗಳು ಬಹಳ. 30ರಿಂದ 50ಕ್ಕೆ, 50ರಿಂದ 30ಕ್ಕೆ. ಇಲ್ಲಿ ಸಾಮಾನ್ಯವಾಗಿ ಕೇಬಲ್ ಒಣಗಿದೆ, ಇಲ್ಲ ಎಲ್ಲೋ ಮಡಿಚಿದೆ. ಇನ್ನರ್ ತಡೆದು ತಡೆದು ತಿರುಗುತ್ತದೆ. ಒಂದು ಕ್ಷಣ ಸಿಕ್ಕಿಕೊಂಡು, ಆಮೇಲೆ ಒಮ್ಮೆಲೇ ಬಿಟ್ಟು ಓಡುತ್ತದೆ. ಮುಳ್ಳು ಅದನ್ನೇ ತೋರಿಸುತ್ತದೆ. ಬಹಳ ಜನ ಇದಕ್ಕೇ ಮೀಟರ್ ಬದಲಿಸುತ್ತಾರೆ, ಹಣ ದಂಡ.

ಮುಳ್ಳು ಮೇಲೆ ಹೋಗಿ ಕೊನೆಯಲ್ಲೇ ನಿಂತುಬಿಟ್ಟರೆ ಕೂದಲೆಳೆ ಸ್ಪ್ರಿಂಗ್ ತುಂಡಾಗಿದೆ, ಅಥವಾ ಗ್ರೀಸು, ತುಕ್ಕು ಸೇರಿ ಮ್ಯಾಗ್ನೆಟ್ಟೂ ಬಟ್ಟಲೂ ಅಂಟಿಕೊಂಡಿವೆ. ಯಾವಾಗಲೂ ಕಡಿಮೆಯೇ ತೋರಿಸುತ್ತಿದ್ದರೆ ಮ್ಯಾಗ್ನೆಟ್ಟಿನ ಶಕ್ತಿ ಇಳಿದಿರಬಹುದು. ಇವೆಲ್ಲ ಮೀಟರ್ ಬದಲಿಸುವ ದೋಷಗಳೇ.

ಬೆಳಗಿನ ಚಳಿಯಲ್ಲಿ ಗಾಡಿ ತೆಗೆದಾಗ ಮೀಟರ್ ಕಡೆಯಿಂದ ಕಿರ್ ಕಿರ್ ಅಂತ ಸದ್ದು ಬಂದು, ಬಿಸಿಲೇರಿದ ಮೇಲೆ ನಿಲ್ಲುತ್ತದಾ? ಆ ಸದ್ದನ್ನು ಸುಮ್ನೆ ಬಿಡಬೇಡಿ. ಮೀಟರ್ ಬುಷ್, ಅಂದರೆ ಒಳಗಿನ ಕಡ್ಡಿ ತಿರುಗುವ ಕೊಳವೆ, ಒಣಗಿದೆ ಅಂತ ಅರ್ಥ. ಅದು ಮುಂದೆ ಕೇಬಲನ್ನೂ ತಿನ್ನುತ್ತದೆ.

ಕೇಬಲ್ ಪರೀಕ್ಷೆ

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಹಿಂದೆ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ಎದ್ದು ನಿಲ್ಲುತ್ತದೆ. ಮೀಟರ್ ಕೆಳಗಿನ ಕೇಬಲ್ ನಟ್ಟನ್ನು ಕೈಯಲ್ಲೇ ಬಿಚ್ಚಿ, ತುಕ್ಕು ಹಿಡಿದಿದ್ದರೆ ಮಾತ್ರ ಪ್ಲೈಯರ್ ಹಚ್ಚಿ. ಪ್ಲೈಯರ್ ಅವಸರದಲ್ಲಿ ಹಿಡಿದರೆ ನಟ್ಟಿನ ಜೊತೆ ಮೀಟರ್ ಬುಡದ ಮರೆಯೂ (ಥ್ರೆಡ್) ಹೋಗುತ್ತದೆ.

ಈಗ ಚಕ್ರವನ್ನು ಮುಂದಕ್ಕೆ ತಿರುಗಿಸಿ, ಕೇಬಲ್ ತುದಿ ನೋಡಿ. ಚೌಕ ತುದಿ ತಿರುಗುತ್ತಿದೆಯಾ? ತಿರುಗಿದರೆ ಸಾಕು ಅಂತ ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದು. ಬೆರಳ ತುದಿಯಲ್ಲಿ ಆ ಚೌಕವನ್ನು ಮೆಲ್ಲಗೆ ಹಿಡಿದು ಇನ್ನೊಮ್ಮೆ ಚಕ್ರ ತಿರುಗಿಸಿ. ಒಳ್ಳೆ ಕೇಬಲ್ ಬೆರಳಿನಿಂದ ಕಿತ್ತುಕೊಂಡು ತಿರುಗುತ್ತದೆ. ಹಿಡಿದ ಕೂಡಲೇ ನಿಂತುಬಿಟ್ಟರೆ ಕೆಳಗೆ ಎಲ್ಲೋ ಜಾರುತ್ತಿದೆ. ಕೆಳತುದಿಯ ಮೂಲೆ ಸವೆದು ದುಂಡಾಗಿದ್ದರೆ ಹೀಗಾಗುತ್ತದೆ. ಬರೀ ಖಾಲಿ ತಿರುಗುವಾಗ ಚೆನ್ನಾಗಿ ಕಾಣುತ್ತದೆ, ಮೀಟರ್ ಭಾರ ಬಿದ್ದಾಗ ಜಾರುತ್ತದೆ. "ಕೇಬಲ್ ತಿರುಗ್ತೈತೆ, ಆದ್ರೂ ಮುಳ್ಳು ಏಳಲ್ಲ" ಅನ್ನುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು.

ತುದಿ ತಿರುಗದಿದ್ದರೆ ಕೆಳಗೆ ಹೋಗಿ. ಹೋಂಡಾ ಮೂಲದ ಗಾಡಿಗಳಲ್ಲಿ (ಸಿಡಿ 100, ಸ್ಪ್ಲೆಂಡರ್) ಬ್ರೇಕ್ ಪ್ಲೇಟ್ ಹತ್ತಿರ ಒಂದು ಸಣ್ಣ ಸ್ಕ್ರೂ ಕೇಬಲನ್ನು ಹಿಡಿದಿರುತ್ತದೆ. ಮಣ್ಣಲ್ಲಿ ಮುಚ್ಚಿಹೋಗಿ ಕಾಣುವುದೇ ಇಲ್ಲ. ಬ್ರಷ್ಷಲ್ಲಿ ಉಜ್ಜಿ, ಸ್ವಲ್ಪ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಿ, ಹತ್ತು ನಿಮಿಷ ಬಿಡಿ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ತಲೆ ಕೆಟ್ಟರೆ ಡ್ರಿಲ್ ಹಿಡಿಯಬೇಕಾಗುತ್ತದೆ.

ಕೇಬಲ್ ಹೊರಬಂದ ಮೇಲೆ ಇನ್ನರ್ ಎಳೆದು ನೋಡಿ. ತುಂಡಾಗಿದ್ದರೆ ಅರ್ಧ ಮೇಲಿಂದ, ಅರ್ಧ ಕೆಳಗಿಂದ ಬರುತ್ತದೆ. ತುಂಡಾದ ಜಾಗದಲ್ಲಿ ತಂತಿಯ ಎಳೆಗಳು ಪೊರಕೆ ಕಡ್ಡಿಯ ಹಾಗೆ ಬಿಚ್ಚಿಕೊಂಡಿರುತ್ತವೆ. ಆ ಜಾಗ ಎಲ್ಲಿ ಅಂತ ನೋಡಿಕೊಳ್ಳಿ, ಅದು ಕಾರಣವನ್ನೂ ಹೇಳುತ್ತದೆ. ಕೆಳತುದಿಯಲ್ಲಿ ತುಕ್ಕು ಹಿಡಿದು ತುಂಡಾಗಿದ್ದರೆ ನೀರು ಒಳಗೆ ಹೋಗಿದೆ. ನಡುವೆ ತುಂಡಾಗಿದ್ದರೆ ಔಟರ್ ಅಲ್ಲೇ ಎಲ್ಲೋ ಮಡಿಚಿರುತ್ತದೆ. ಹ್ಯಾಂಡಲಿಗೆ ಹಾಲಿನ ಕ್ಯಾನೋ ಸಂತೆ ಚೀಲವೋ ನೇತು ಹಾಕಿದರೆ ಆ ಭಾರ ಕೇಬಲನ್ನು ಒತ್ತಿ ಮಡಿಚುತ್ತದೆ. ಮೇಲ್ತುದಿಯಲ್ಲಿ ತುಂಡಾಗಿದ್ದರೆ ನನ್ನ ಅನುಮಾನ ಮೊದಲು ಮೀಟರ್ ಮೇಲೆ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹರಿಹರದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಸ್ಪ್ಲೆಂಡರಿಗೆ ಕೇಬಲ್ ಹಾಕಿಸಿದರೆ ಬಾಳಿಕೆಯೇ ಇರಲಿಲ್ಲ. ಹಾಕಿದ ಕೆಲವೇ ದಿನಕ್ಕೆ ಮತ್ತೆ ತುಂಡು. "ಈಗಿನ ಮಾಲೇ ಇಷ್ಟು ಬಿಡಪ್ಪ" ಅಂತ ಅವರು ಕೇಬಲನ್ನೇ ಬೈಯುತ್ತಿದ್ದರು. ತುಂಡು ತೆಗೆದು ನೋಡಿದರೆ ಮೀಟರಿಗೆ ಸೇರುವ ಜಾಗದಲ್ಲೇ ಹೋಗಿತ್ತು. ಮುರಿದ ಇನ್ನರಿನ ಒಂದು ಗೇಣು ತುಂಡನ್ನು ಮೀಟರ್ ಬುಡಕ್ಕೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದೆ. ಬಿಗಿಯಾಗಿತ್ತು, ಉಜ್ಜಿದ ಹಾಗೆ ತಿರುಗುತ್ತಿತ್ತು. ಮೀಟರ್ ಬುಷ್ ಒಣಗಿ ಹಿಡಿದುಕೊಂಡಿತ್ತು, ಅದರ ಭಾರಕ್ಕೆ ಹೊಸ ಕೇಬಲ್ಲುಗಳೆಲ್ಲ ಬಲಿಯಾಗುತ್ತಿದ್ದವು. "ಚಿಕ್ಕಪ್ಪ, ತಪ್ಪು ಕೇಬಲ್ಲಿಂದಲ್ಲ, ಮೇಲೈತಿ ನೋಡ್ರಿ" ಅಂತ ಅವರ ಕೈಯಲ್ಲೇ ತಿರುಗಿಸಿ ತೋರಿಸಿದೆ.

ಆದ್ದರಿಂದ ಹೊಸ ಕೇಬಲ್ ಹಾಕುವ ಮೊದಲು ಈ ಪರೀಕ್ಷೆ ತಪ್ಪಿಸಬೇಡಿ. ಹಳೆ ಇನ್ನರ್ ತುಂಡನ್ನು ಮೀಟರಿಗೆ ಸಿಕ್ಕಿಸಿ ಎರಡು ಬೆರಳಲ್ಲಿ ತಿರುಗಿಸಿ. ಹಗುರಾಗಿ, ಸದ್ದಿಲ್ಲದೆ ತಿರುಗಬೇಕು. ಚುರುಕಾಗಿ ತಿರುವಿದರೆ ಮುಳ್ಳು ಸ್ವಲ್ಪ ಅಲುಗಿ ವಾಪಸ್ ಬೀಳಬೇಕು. ಬರೀ ಒಣಗಿದ್ದರೆ ಬುಷ್ ಜಾಗಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಬಿಟ್ಟು, ಮೀಟರನ್ನು ತಲೆಕೆಳಗಾಗಿ ಸ್ವಲ್ಪ ಹೊತ್ತು ಇಟ್ಟು, ಮತ್ತೆ ತಿರುಗಿಸಿ ನೋಡಿ. ಹಗುರವಾದರೆ ಮೀಟರ್ ಉಳಿಯಿತು. ಒಂದು ಹನಿ ಅಂದರೆ ಒಂದೇ ಹನಿ. ಜಾಸ್ತಿ ಆದರೆ ಎಣ್ಣೆ ಬಟ್ಟಲಿಗೆ ಹತ್ತಿ ಹೊಸ ತೊಂದರೆ ಶುರು.

ವರ್ಮ್ ಮತ್ತು ಎರೆ ಮಣ್ಣು

ಕೇಬಲ್ ಚೆನ್ನಾಗಿದೆ, ಆದರೂ ತಿರುಗುತ್ತಿಲ್ಲ ಅಂದರೆ ಚಕ್ರದ ಬುಡವೇ ಉಳಿಯಿತು. ಕೇಬಲ್ ಬಿಚ್ಚಿದ ತೂತಿಗೆ ಟಾರ್ಚ್ ಹಿಡಿದು ಚಕ್ರ ತಿರುಗಿಸಿ. ಒಳಗಿನ ವರ್ಮ್ ತುದಿ ತಿರುಗಬೇಕು. ಸುಮ್ಮನೆ ನಿಂತಿದ್ದರೆ, ಅಥವಾ ಬಿಟ್ಟು ಬಿಟ್ಟು ತಿರುಗಿದರೆ ಚಕ್ರ ಬಿಚ್ಚಲೇಬೇಕು.

ನಮ್ಮ ಕಡೆ ವರ್ಮ್ ಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣ. ಭದ್ರಾ ಕಾಲುವೆ ಹರಿಯುವ ದಾವಣಗೆರೆ, ಹರಿಹರ ಕಡೆ ಗದ್ದೆ ನೀರು, ಕೆಸರು. ನಾಟಿ ಕಾಲದಲ್ಲಿ ಟ್ರ್ಯಾಕ್ಟರ್ ಹೊತ್ತು ತಂದ ಕೆಸರೆಲ್ಲ ರಸ್ತೆ ಮೇಲೇ ಇರುತ್ತದೆ. ಎರೆ ಮಣ್ಣು ಮುಂದಿನ ಚಕ್ರದ ಹಬ್ಬಿಗೆ (ನಡುಭಾಗಕ್ಕೆ) ಮೆತ್ತಿಕೊಂಡು ಒಣಗಿದರೆ ಕಲ್ಲಿನಷ್ಟು ಗಟ್ಟಿ. ಸೀಲ್ ಹಾಳಾಗಿ ನೀರು ಒಳಗೆ ಇಳಿಯುತ್ತದೆ, ಗ್ರೀಸ್ ತೊಳೆದುಹೋಗುತ್ತದೆ. ಚಿತ್ರದುರ್ಗದ ಕಡೆ ಮಳೆ ಕಡಿಮೆ, ಧೂಳು ಜಾಸ್ತಿ. ಅಲ್ಲಿ ಧೂಳು ಹಳೆ ಗ್ರೀಸಿಗೆ ಕೂಡಿ ಅರೆಯುವ ಪೇಸ್ಟ್ ಆಗಿ ಹಲ್ಲು ತಿನ್ನುತ್ತದೆ. ಎರಡು ಕಡೆಯೂ ಮದ್ದು ಒಂದೇ: ಮುಂದಿನ ಬ್ರೇಕ್ ಲೈನರ್ ಬದಲಿಸಲು ಚಕ್ರ ಬಿಚ್ಚಿದಾಗಲೆಲ್ಲ ವರ್ಮ್ ಜಾಗ ಒರೆಸಿ ಹೊಸ ಗ್ರೀಸ್ ಹಾಕಿಸಬೇಕು. ಹೇಳದಿದ್ದರೆ ಯಾರೂ ಮಾಡುವುದಿಲ್ಲ, ಬಾಯಿ ಬಿಟ್ಟು ಕೇಳಿ.

ಎಂಜಿನ್ ಕೆಳಗೆ ಗಟ್ಟಿ ಹಲಗೆಯೋ ಇಟ್ಟಿಗೆಯೋ ಕೊಟ್ಟು, ಬ್ರೇಕ್ ಕೇಬಲ್ ಕಳಚಿ, ಆಕ್ಸಲ್ ನಟ್ ಬಿಚ್ಚಿ ಚಕ್ರ ಇಳಿಸಿ. ಬ್ರೇಕ್ ಪ್ಲೇಟ್ ಕೈಗೆ ಬರುತ್ತದೆ. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಹಳೆ ಲೈನರ್ ಪುಡಿ ಶ್ವಾಸಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ದೊಡ್ಡ ಗೇರಿನ ಹಲ್ಲು ಬೆರಳಲ್ಲಿ ಸವರಿ ನೋಡಿ, ಒಂದು ಕಡೆ ನುಣ್ಣಗೆ ಆಗಿದ್ದರೆ ಅದು ಮುಗಿದಿದೆ. ಗೇರು ಹೋಗಿದ್ದರೆ ವರ್ಮನ್ನೂ ಸೇರಿಸಿ ಜೋಡಿಯಾಗಿ ಬದಲಿಸಿ. ಹೊಸ ಗೇರು, ಹಳೆ ವರ್ಮ್ ಸೇರಿದರೆ ಹೊಸದೂ ಬೇಗ ಸವೆಯುತ್ತದೆ. ಗ್ರೀಸ್ ಹಾಕುವಾಗ ಹಲ್ಲಿಗೆ ಬೇಕಾದಷ್ಟೇ ಹಾಕಿ. ಬ್ರೇಕ್ ಲೈನರಿಗೆ ಗ್ರೀಸ್ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ವಾಪಸ್ ಜೋಡಿಸುವಾಗ ಎರಡು ಜಾಗದಲ್ಲಿ ಕಣ್ಣಿಡಬೇಕು. ಗೇರನ್ನು ತಿರುಗಿಸುವ ತಗಡಿಗೆ ಎರಡು ಕಿವಿ ಇರುತ್ತವೆ, ಅವು ಹಬ್ಬಿನ ಕಚ್ಚಿನಲ್ಲಿ ಸರಿಯಾಗಿ ಕೂರಬೇಕು. ಕೂರಿಸದೆ ಆಕ್ಸಲ್ ಬಿಗಿದರೆ ಕಿವಿ ಮಡಿಚಿ ಮುರಿಯುತ್ತದೆ, ಪಂಕ್ಚರ್ ಹಾಕಿಸಿಕೊಂಡು ಬಂದ ಮೇಲೆ ಮೀಟರ್ ನಿಂತ ಗಾಡಿಗಳಲ್ಲಿ ಇದೇ ಆಗಿರುತ್ತದೆ. ಎರಡನೆಯದು ಜೀವದ ವಿಷಯ. ಫೋರ್ಕಿನ ಮೇಲಿನ ಗುಬ್ಬಿ (ಉಬ್ಬು) ಬ್ರೇಕ್ ಪ್ಲೇಟಿನ ಕಚ್ಚಿನೊಳಗೆ ಕೂತಿರಲೇಬೇಕು. ಅದು ಹೊರಗಿದ್ದರೆ ಬ್ರೇಕ್ ಹಿಡಿದ ಕೂಡಲೇ ಪ್ಲೇಟೇ ಚಕ್ರದ ಜೊತೆ ತಿರುಗಿ, ಚಕ್ರ ಲಾಕ್ ಆಗಿ, ಸವಾರ ಬೀಳುತ್ತಾನೆ. ಜೋಡಿಸಿದ ಮೇಲೆ ಬಗ್ಗಿ ಕಣ್ಣಾರೆ ನೋಡಿ, ಆಮೇಲೆ ನಟ್ ಬಿಗಿಯಿರಿ. ಬ್ರೇಕ್ ಹಿಡಿದು ಬಿಟ್ಟು ಚಕ್ರ ಸರಾಗವಾಗಿ ತಿರುಗುತ್ತದಾ ಅಂತ ನೋಡದೆ ರಸ್ತೆಗೆ ಹೋಗಬೇಡಿ.

ಕೇಬಲ್ ಕೂರಿಸುವುದು

ಹೊಸ ಕೇಬಲನ್ನು ಹಳೆಯದರ ಪಕ್ಕ ಇಟ್ಟು ಅಳೆಯಿರಿ. ಔಟರ್ ಉದ್ದ, ಇನ್ನರ್ ಎಷ್ಟು ಹೊರಗೆ ಬಂದಿದೆ, ತುದಿಯ ಆಕಾರ, ನಟ್ಟಿನ ಮರೆ, ನಾಲ್ಕೂ ಒಂದೇ ಇರಬೇಕು. ಇನ್ನರ್ ಸ್ವಲ್ಪ ಉದ್ದ ಇದ್ದರೂ ನಟ್ ಬಿಗಿದಾಗ ಮೀಟರ್ ಒಳಗಿನ ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಗಿಡ್ಡ ಇದ್ದರೆ ತುದಿ ಸಿಕ್ಕುವುದೇ ಇಲ್ಲ.

ಗ್ರೀಸ್ ವಿಷಯದಲ್ಲಿ ಒಂದು ನಿಯಮ. ಇನ್ನರ್ ಹೊರಗೆಳೆದು ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ತೆಳ್ಳಗೆ ಸವರಿ. ಮೇಲಿನ ಒಂದು ಗೇಣು ಒಣಗಿಯೇ ಇರಲಿ. ತಿರುಗುವ ಇನ್ನರ್ ಗ್ರೀಸನ್ನು ತಾನೇ ಮೇಲಕ್ಕೆ ಏರಿಸುತ್ತದೆ. ಮೇಲಿನವರೆಗೂ ಬಳಿದರೆ ಅದು ಮೀಟರ್ ಒಳಗೆ ಹೋಗಿ ಮ್ಯಾಗ್ನೆಟ್ಟಿಗೂ ಬಟ್ಟಲಿಗೂ ನಡುವೆ ತುಂಬಿಕೊಳ್ಳುತ್ತದೆ. ಆಮೇಲೆ ಮುಳ್ಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಕೆಳಗಿಳಿಯಲು ತಡಮಾಡುತ್ತದೆ. ಒಳ್ಳೆ ಮನಸ್ಸಿನಿಂದ ಹಾಕಿದ ಗ್ರೀಸೇ ಎಷ್ಟೋ ಮೀಟರ್ ಕೆಡಿಸಿದೆ.

ಕೆಳತುದಿ ಮೊದಲು ಕೂರಿಸಿ, ಸ್ಕ್ರೂ ಹಾಕಿ. ಮೇಲೆ ಸಿಕ್ಕಿಸುವಾಗ ಒಬ್ಬರು ಚಕ್ರ ಮೆಲ್ಲಗೆ ತಿರುಗಿಸಲಿ. ಚೌಕ ತುದಿ ಚೌಕ ತೂತಿಗೆ ಹೊಂದಿದ ಕೂಡಲೇ ಕೇಬಲ್ ಟಕ್ ಅಂತ ಒಳಗಿಳಿಯುತ್ತದೆ, ಕೈಗೆ ಗೊತ್ತಾಗುತ್ತದೆ. ಅದಾದ ಮೇಲೇ ನಟ್ ತಿರುಗಿಸಿ. ಕೂರದ ತುದಿಯನ್ನು ನಟ್ಟಿನಿಂದ ಎಳೆದು ಕೂರಿಸಲು ಹೋಗಬೇಡಿ.

ಕೇಬಲ್ ದಾರಿ ಫೋರ್ಕಿನ ಕೊಂಡಿಯೊಳಗೆ ಹಾದು, ಎಲ್ಲೂ ಚೂಪಾದ ತಿರುವು ಇಲ್ಲದೆ ಬರಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮುಂದಿನ ಶಾಕ್ ಒತ್ತಿ ನೋಡಿ. ಎಲ್ಲಿಯೂ ಎಳೆಯಬಾರದು, ಮಡಿಚಬಾರದು. ಎತ್ತರದ ಹ್ಯಾಂಡಲ್ ಹಾಕಿಸಿದ ಗಾಡಿಗಳಲ್ಲಿ ಮೂಲ ಕೇಬಲ್ ಗಿಡ್ಡವಾಗುತ್ತದೆ.

ಮೀಟರ್ ಬದಲಿಸಲೇಬೇಕಾದಾಗ

ಗಾಜು ಒಡೆದು ಮಳೆ ನೀರು ಒಳಗೆ ಹೋಗಿದೆ, ಸ್ಪ್ರಿಂಗ್ ತುಂಡಾಗಿದೆ, ಬುಷ್ ಎಣ್ಣೆಗೂ ಬಗ್ಗುತ್ತಿಲ್ಲ, ಗೇರಿನ ಹಲ್ಲು ಹೋಗಿದೆ. ಆಗ ಬದಲಿಸಿ. ಹಳೆ ಮೀಟರನ್ನು ಮನೆಯಲ್ಲಿ ಒಡೆದು ಮುಳ್ಳು ಕಿತ್ತು ಸರಿ ಮಾಡುವ ಪ್ರಯತ್ನಕ್ಕೆ ನಾನು ಹೂಂ ಅನ್ನುವುದಿಲ್ಲ. ಮುಳ್ಳು ಒಮ್ಮೆ ಕಿತ್ತರೆ ಅದೇ ಜಾಗಕ್ಕೆ ಕೂರುವುದು ಕಷ್ಟ. ತಪ್ಪು ಸ್ಪೀಡ್ ತೋರಿಸುವ ಮೀಟರಿಗಿಂತ ನಿಂತ ಮೀಟರೇ ವಾಸಿ.

ಕೊಳ್ಳುವಾಗ ನೋಡಲು ಒಂದೇ ಥರ ಇದೆ ಅಂತ ತರಬೇಡಿ. ನಿಮ್ಮ ಮಾಡೆಲ್, ನಿಮ್ಮ ವರ್ಷದ್ದೇ ಬೇಕು. ಬೇರೆ ಗಾಡಿಯ ಮೀಟರ್ ಬೋಲ್ಟಿಗೆ ಕೂತರೂ, ಕೇಬಲ್ ಸಿಕ್ಕಿದರೂ, ಸ್ಪೀಡ್ ತಪ್ಪು ತೋರಿಸಬಹುದು. ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು ಚಕ್ರದ ಅಳತೆ ಮತ್ತು ವರ್ಮಿನ ಹಲ್ಲಿನ ಮೇಲೆ ನಿಂತಿದೆ, ಮೀಟರ್ ಆ ಲೆಕ್ಕಕ್ಕೇ ತಯಾರಾಗಿರುತ್ತದೆ. ಗುಜರಿಯಿಂದ ತಂದ ಮೀಟರ್ ಹೊಂದುತ್ತದಾ ಅಂತ ಅನುಮಾನ ಇದ್ದರೆ ನಿಮ್ಮ ಗಾಡಿಯ ಲೆಕ್ಕ ನೀವೇ ತೆಗೆಯಬಹುದು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ತಳ್ಳಿ, ಒಂದು ಸುತ್ತಿಗೆ ಎಷ್ಟು ದೂರ ಬಂತು ಅಳೆಯಿರಿ. 2.75-18 ಟೈರಿಗೆ ಸುಮಾರು 1.85 ಮೀಟರ್ ಬರುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 540 ಸುತ್ತು. ಆಮೇಲೆ ಕೇಬಲ್ ಮೇಲ್ತುದಿಗೆ ಒಂದು ಚೂರು ಟೇಪ್ ಅಂಟಿಸಿ, ಚಕ್ರ 10 ಸುತ್ತು ತಿರುಗುವಷ್ಟು ಗಾಡಿ ತಳ್ಳಿ, ಟೇಪ್ ಎಷ್ಟು ಸಲ ತಿರುಗಿತು ಎಣಿಸಿ. ಆ ಎಣಿಕೆಯನ್ನು 10ರಿಂದ ಭಾಗಿಸಿ, ನಿಮ್ಮ ಟೈರಿಗೆ ಬಂದ ಕಿಲೋಮೀಟರಿನ ಸುತ್ತಿನಿಂದ (ಇಲ್ಲಿ 540) ಗುಣಿಸಿದರೆ ಕಿಲೋಮೀಟರಿಗೆ ಕೇಬಲ್ ಸುತ್ತು ಸಿಗುತ್ತದೆ. ಮೀಟರ್ ಕೊಟ್ಟ ಗಾಡಿಯಲ್ಲೂ ಹೀಗೇ ಎಣಿಸಲು ಆದರೆ ಎರಡನ್ನೂ ಹೋಲಿಸಿ ನೋಡಬಹುದು.

ಬಿಚ್ಚುವಾಗ ಮೊದಲು ಬ್ಯಾಟರಿಯ ಒಂದು ವೈರ್ ಕಳಚಿ. ಡೂಮ್ ತೆಗೆದು, ಬಲ್ಬ್ ಹೋಲ್ಡರ್ ಒಂದೊಂದನ್ನೂ ಎಳೆಯುವ ಮೊದಲು ಫೋಟೋ ತೆಗೆಯಿರಿ. ವೈರಿನ ಬಣ್ಣ ಕಂಪನಿಗೊಂದು. ಹೋಂಡಾ ಮೂಲದವುಗಳಲ್ಲಿ ಹಸಿರು ಅರ್ಥ್, ಕಿತ್ತಳೆ ಎಡ ಇಂಡಿಕೇಟರ್, ತಿಳಿನೀಲಿ ಬಲ. ಯಮಹಾದಲ್ಲಿ ಕಪ್ಪು ಅರ್ಥ್, ಕಡು ಕಂದು ಎಡ, ಕಡು ಹಸಿರು ಬಲ. ಸ್ಪ್ಲೆಂಡರ್ ಬಲ್ಲವರು ಆರ್‌ಎಕ್ಸ್ ಬಿಚ್ಚಿ ಹಸಿರನ್ನು ಅರ್ಥಿಗೆ ಕೊಟ್ಟರೆ ಫ್ಯೂಸ್ ಹಾರುತ್ತದೆ. ಹತ್ತಾರು ಕೈ ದಾಟಿದ ಹಳೆ ಗಾಡಿಯಲ್ಲಿ ಬಣ್ಣವನ್ನೂ ಪೂರ್ತಿ ನಂಬಬೇಡಿ, ಟೆಸ್ಟ್ ಬಲ್ಬ್ ಹಿಡಿದು ನೋಡಿ.

ಮೀಟರ್ ಬುಡದ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಅವನ್ನೂ ಬದಲಿಸಿ. ಗಾಡಿಯ ನಡುಕವೆಲ್ಲ ಮೀಟರಿಗೆ ಏರದಂತೆ ತಡೆಯುವುದು ಅವೇ. ಎಲ್ಲ ಜೋಡಿಸಿ ಬಲ್ಬ್ ಪರೀಕ್ಷೆ ಮಾಡುವಾಗ ಒಂದು ನೆನಪಿರಲಿ: ಹಳೆ 100 ಸಿಸಿ ಗಾಡಿಗಳಲ್ಲಿ ನ್ಯೂಟ್ರಲ್, ಇಂಡಿಕೇಟರ್ ಬಲ್ಬ್ ಬ್ಯಾಟರಿಯಿಂದ ಉರಿಯುತ್ತವೆ, ಹೆಡ್‌ಲೈಟ್ ಜೊತೆಗಿನ ಮೀಟರ್ ದೀಪ ಎಂಜಿನ್ ಚಾಲೂ ಇದ್ದಾಗ ಮಾತ್ರ. ಕೀ ತಿರುಗಿಸಿದ ಕೂಡಲೇ ಅದು ಉರಿಯಲಿಲ್ಲ ಅಂತ ವೈರ್ ಹುಡುಕಲು ಕೂರಬೇಡಿ.

ಹಳೆ ಮೀಟರಿನ ಕಿಲೋಮೀಟರ್ ಎಷ್ಟಿತ್ತು, ಯಾವ ದಿನ ಬದಲಿಸಿದ್ದು, ಹೊಸದರಲ್ಲಿ ಎಷ್ಟಿತ್ತು, ಮೂರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಫೋಟೋನೂ ಇರಲಿ. ನಾಳೆ ಗಾಡಿ ಮಾರುವಾಗ ಕೊಳ್ಳುವವರಿಗೆ ಅದನ್ನು ತೋರಿಸಬೇಕು. 70 ಸಾವಿರ ಓಡಿದ ಗಾಡಿಯನ್ನು ಹೊಸ ಮೀಟರಿನ 3 ಸಾವಿರ ತೋರಿಸಿ ಮಾರುವುದು ಮೋಸ.

ರಸ್ತೆಯಲ್ಲಿ ತಾಳೆ ನೋಡುವುದು

ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಹತ್ತಿರ ರಾಷ್ಟ್ರೀಯ ಹೆದ್ದಾರಿ 48 ಇದೆ, ಅದರ ಪಕ್ಕ ಕಿಲೋಮೀಟರ್ ಕಲ್ಲುಗಳಿವೆ. ಸರ್ವಿಸ್ ರಸ್ತೆಯಲ್ಲಿ, ಬೆಳಗ್ಗೆ ವಾಹನ ಕಡಿಮೆ ಇರುವಾಗ ಹೋಗಿ. ಮುಳ್ಳು 40ರಲ್ಲಿ ಹಿಡಿದು ಒಂದೇ ಸಮ ಓಡಿಸಿ. ಹಿಂದೆ ಕೂತವರು ಕಲ್ಲಿಂದ ಕಲ್ಲಿಗೆ ಫೋನಲ್ಲಿ ಸಮಯ ನೋಡಲಿ. ನಿಜವಾದ 40 ಆದರೆ ಒಂದು ಕಿಲೋಮೀಟರಿಗೆ 90 ಸೆಕೆಂಡ್ ಆಗಬೇಕು. ಬಂದ ಸೆಕೆಂಡಿನಿಂದ 3600 ಭಾಗಿಸಿದರೆ ನಿಜವಾದ ಸ್ಪೀಡ್ ಸಿಗುತ್ತದೆ. 95 ಸೆಕೆಂಡ್ ಬಂದರೆ ಸುಮಾರು 38. ಮೀಟರ್ ಎರಡು ಮೂರು ಜಾಸ್ತಿ ತೋರಿಸಿದರೆ ಚಿಂತೆ ಇಲ್ಲ, ಮೀಟರುಗಳನ್ನು ಸ್ವಲ್ಪ ಜಾಸ್ತಿ ತೋರಿಸುವ ಹಾಗೇ ಮಾಡಿರುತ್ತಾರೆ. 90ಕ್ಕಿಂತ ಬಹಳ ಕಡಿಮೆ ಸೆಕೆಂಡ್ ಬಂದರೆ, ಅಂದರೆ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತಿದ್ದರೆ, ಒಪ್ಪಿಕೊಳ್ಳಬೇಡಿ. ಅಂಕಿಗಳಿಗೂ ಹತ್ತು ಕಲ್ಲಿನ ಪರೀಕ್ಷೆ ಮಾಡಿ, 10 ಕಿಲೋಮೀಟರಿಗೆ 10 ಉರುಳಬೇಕು. ಮುಳ್ಳೂ ಅಂಕಿಯೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೀಟರ್ ನಿಮ್ಮ ಗಾಡಿಯದಲ್ಲ. ಅಂಕಿ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ದರೆ ಆ ಮೀಟರೇ ದೋಷದ್ದು, ಬಿಲ್ ಸಮೇತ ವಾಪಸ್ ಕೊಟ್ಟು ಬೇರೆ ಕೇಳಿ.

ಮನೆಗೆ ಬಂದ ಮೇಲೆ ಕೇಬಲ್ಲಿನ ಎರಡೂ ತುದಿ ಒಮ್ಮೆ ಮುಟ್ಟಿ ನೋಡಿ. ಮೇಲಿನ ನಟ್ ಮೊದಲ ಓಟದ ನಡುಕಕ್ಕೆ ಸ್ವಲ್ಪ ಸಡಿಲ ಆಗಿರುತ್ತದೆ, ಕೈಯಲ್ಲೇ ಕಾಲು ಸುತ್ತು ಬಿಗಿದರೆ ಸಾಕು.